ಸೇತುವೆಯ ಎರಡು ತುದಿ

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು,
ಅನ್ನುವ ಧೈರ್ಯ ಎಲ್ಸ್‌ಪೆತ್‌ಳದು.
ಟ್ವೀಡ್ ಹೊಳೆಯ ಈಚೆ ಮನೆ,
ಆಚೆ ಇಂಗ್ಲೆಂಡು, ಕಟ್ಟದೆ ಬಿಟ್ಟ ದಂಡ.

ಮಂಗಳವಾರ ಜಪ್ತಿಯವನು ಬಂದ,
ಒದ್ದೆ ಬೂಟು, ಮಡಚಿ ಮಡಚಿ ಸವೆದ ವಾರಂಟು.
"ಇದು ಸ್ಕಾಟ್ಲೆಂಡ್ ಕಣಯ್ಯಾ,
ನಿನ್ನ ಮೊಹರು ಸೇತುವೆಯ ನಡುವೆಯೇ ಸತ್ತಿತು."
"ಗೊತ್ತು," ಅಂದ. "ಒಂದು ನಿಮಿಷ, ಬಾತ್‌ರೂಮು ಎಲ್ಲಿ?"

ಹೋಗುವಾಗ ಕೆಸರಿನ ಹೆಜ್ಜೆ
ತಾನೇ ಒರೆಸಿದ.
ಗೆದ್ದ ಖುಷಿಗೆ ಅವಳು
ನಾಳೆಯ ಕೇಕನ್ನೂ ತಿಂದಳು, ನಿಂತೇ.

ಸಂಜೆ ಕೈ ತೊಳೆಯುವಾಗ ಕಂಡಿತು
ಟವೆಲಿನ ಪಕ್ಕ, ಮೊಳೆಗೆ ಸಿಕ್ಕಿಸಿದ
ಗ್ಯಾರೇಜಿನ ರಸೀದಿ:
ಬ್ರೇಕ್ ರಿಪೇರಿ, ಕಾರ್ನ್‌ಹಿಲ್,
ಆಚೆ ದಡ.

ಚಪ್ಪಲಿಯಲ್ಲೇ ಓಡಿದಳು.
ಮುಂದಿನ ಚಕ್ರಕ್ಕೆ ಹಳದಿ ಬೀಗ.
ಗಾಜಿಗೆ ನೋಟಿಸು,
ಅದರಂಚಿಗೆ ಪೆನ್ಸಿಲಿನಲ್ಲಿ:
ಟವೆಲಿಗೆ ಥ್ಯಾಂಕ್ಸ್.