ಎರಡನೆಯ ಐದನೇ ತಿಂಗಳು

ಅಕ್ಷರಕ್ಕಿಷ್ಟು ಅಂತ ದರ. ಅಂಕಿಗೆ ಅರ್ಧ.
ಕಣ್ಣೀರಿನ ಲೆಕ್ಕ ನಾನು ಹಿಡಿಯುವುದಿಲ್ಲ.
ನಿನ್ ಬಿನ್ ಸೀಮೆಯ ಸುಣ್ಣಕಲ್ಲು, ಉಳಿಗೆ ಒಗ್ಗುವ ಕಲ್ಲು,
ಧೂಳು ಮಾತ್ರ ಊಟದ ಬಟ್ಟಲಿಗೂ ಬರುತ್ತದೆ.

ಅಣ್ಣ ತಂಗಿ ಒಂದೇ ಸ್ಕೂಟರಿನಲ್ಲಿ ಬಂದರು, ಬೇರೆ ಬೇರೆ ಇಳಿದರು.
ಕ್ವ್ಯೆತ್ ಚೀಟಿ ಚಾಚಿದ. ಮಿಯೆನ್ ಕಸಿದುಕೊಂಡು ಗಟ್ಟಿಯಾಗಿ ಓದಿದಳು:
ನಮ್ ಗಂಟೆಗೆ ನಮ್ ಕಮ್ಮಿ, ಬೆಳಿಗ್ಗೆ,
ನಮ್‌ನೇ ವಾರ, ಎಳೆ ಚಂದ್ರನ ಹತ್ತು,
ನಮ್‌ನೇ ತಿಂಗಳು, ಕೋಣನ ನಮ್.

ನಮ್ಮಲ್ಲಿ ಐದೂ ನಮ್, ವರ್ಷವೂ ನಮ್.
ಐದು ವರ್ಷ ಅನ್ನಲು ಒಂದೇ ಮಾತನ್ನು ಎರಡು ಸಲ ಬಡಿದರಾಯಿತು,
ಉಳಿಯ ತಲೆಗೆ ಸುತ್ತಿಗೆ ಬಿದ್ದ ಹಾಗೆ: ನಮ್, ನಮ್.
ಕೆಲಸ ಕಲಿಯುವ ಹುಡುಗ ಖ್ವಾತ್ ಒಳಗಿಂದ ಕಿಸಕ್ಕೆಂದ.
ವಾರಕ್ಕೆ ಅಂಕಿ ಇಟ್ಟವರು ಎರಡರಿಂದ ಶುರುಮಾಡಿದ್ದಾರೆ,
ಒಂದನೆಯದು ಎಲ್ಲಿ ಅಂತ ಅವನು ಹೋದ ವರ್ಷದಿಂದ ಕೇಳುತ್ತಿದ್ದಾನೆ.
ಭಾನುವಾರ ಒಡೆಯನದು, ಅದಕ್ಕೆ ಲೆಕ್ಕವಿಲ್ಲ ಅಂದಿದ್ದೆ.
ಹಾಗಾದರೆ ಕೂಲಿ? ಅಂದ. ಅದಕ್ಕೂ ಇಲ್ಲ.

"ಒಂದು ಪದ ಬಿಟ್ಟಿದ್ದೀಯ."
"ಬೇಕಂತಲೇ ಬಿಟ್ಟೆ."
ಆ ವರ್ಷ ಐದನೇ ತಿಂಗಳು ಎರಡು ಸಲ ಬಂದಿತ್ತು,
ಒಂದು ನಿಜ, ಒಂದು ಅಧಿಕ.
"ತಿಥಿ ಮಾಡುವುದು ನಿಜದಲ್ಲೇ ತಾನೆ?
ಇನ್ನು ಹತ್ತೊಂಬತ್ತು ವರ್ಷ ಬಾರದ ತಿಂಗಳನ್ನು ಕಲ್ಲಿಗೆ ಹತ್ತಿಸಿ
ಮೊಮ್ಮಕ್ಕಳನ್ನು ಯಾಕೆ ಗೊಂದಲಕ್ಕೆ ಹಾಕಬೇಕು?
ಅದೂ ಐದಕ್ಷರದ ದುಡ್ಡು."

ಅವಳು ಅವನತ್ತ ನೋಡಲಿಲ್ಲ. ನನಗೆ ಹೇಳಿದಳು.
ಅಮ್ಮನ ಹೆಸರು ತೆಯೊ. ತೆಯೊ ಅಂದರೆ ಒಂಚೂರು.
ನಾಡಿ ಹಿಡಿಯುವ ಮುದುಕ ಬಾಗಿಲಲ್ಲಿ ಪಿಸುಗುಟ್ಟಿದ್ದ:
ಐದನೇ ತಿಂಗಳು ದಾಟುವುದಿಲ್ಲ.
ಕಿವಿ ಚುರುಕು ಅವಳದು. ಗೋಡೆಯ ಕ್ಯಾಲೆಂಡರಿನ ಹಾಳೆ ಎತ್ತೆತ್ತಿ,
ದೊಡ್ಡ ಅಂಕಿಯ ಕೆಳಗಿನ ಸಣ್ಣ ಅಂಕಿಗೆ ಬೆರಳೊತ್ತಿ
ಕೇಳಿದಳಂತೆ: ಯಾವ ಐದನೇ ತಿಂಗಳು?

ಅಧಿಕ ಮಾಸ ಬರಗಾಲದಲ್ಲೇ ಬರಬೇಕೆಂದಿಲ್ಲ.
ಮೊದಲ ಐದರ ಐದಕ್ಕೆ, ಹೊಟ್ಟೆಯ ಹುಳ ಸಾಯುವ ಹಬ್ಬದಂದು,
ಹುದುಗಿಸಿದ ಅನ್ನ ಎರಡು ಚಮಚ ತಿಂದಳು.
ಎರಡನೆಯ ಐದರ ಐದಕ್ಕೆ ಹಬ್ಬವಿಲ್ಲ. ಆದರೂ ಕೇಳಿದಳು.
ಬಟ್ಟಲು ಪೂರ್ತಿ ತಿಂದಳು.
ಲಿಚಿ ಮುಗಿದಿತ್ತು, ತಾವರೆ ಇತ್ತು,
ಗದ್ದೆಗೆ ನೀರು ಬಿಟ್ಟಿದ್ದರು, ನಾಟಿಯಾಗಿರಲಿಲ್ಲ.

"ಹುಟ್ಟಿದಾಗಿನಿಂದ ನನ್ನನ್ನು ಬೈದಿದ್ದೇ ಬೈದಿದ್ದು.
ಆ ಹತ್ತು ದಿನ ಬೈಯಲಿಲ್ಲ.
ಅವನ್ನು ನಿಜದ ತಿಂಗಳಿಗೆ ಸೇರಿಸಬೇಡಿ."

ಕ್ವ್ಯೆತ್ ಸಿಗರೇಟಿನ ಬೂದಿ ಕೊಡವುತ್ತ ನದಿಯ ಕಡೆ ತಿರುಗಿದ.

ಆ ಪದದ ಒಂದಕ್ಷರಕ್ಕೆ ತಲೆಯ ಮೇಲೆ ಟೋಪಿ, ಕಾಲಡಿ ಚುಕ್ಕೆ.
ಟೋಪಿ ಸುಲಭ. ಚುಕ್ಕೆ ಕಷ್ಟ: ಜಾಸ್ತಿ ಹೊಡೆದರೆ ಕಲ್ಲು ಸಿಡಿಯುತ್ತದೆ,
ಕಮ್ಮಿಯಾದರೆ ನಾಲ್ಕು ಮಳೆಗೆ ಅಳಿಸಿ ಪದವೇ ಬೇರೆಯಾಗುತ್ತದೆ.
ಖ್ವಾತ್‌ಗೆ ಬಿಡಲಿಲ್ಲ, ನಾನೇ ಗುರುತು ಹಾಕಿಕೊಂಡೆ.

ಯಾವಾಗ ಸಿಗುತ್ತದೆ, ಅಂದಳು ಸ್ಕೂಟರು ಹತ್ತುತ್ತ.
ಕಿಯಾ, ಅಂದೆ. ಕಿಯಾ ಅಂದರೆ ಅಕೋ, ಅಲ್ಲಿ.
ನಾಳೆಯ ಆಚೆಗೂ ಅದೇ, ನಿನ್ನೆಯ ಆಚೆಗೂ ಅದೇ ಮಾತು.
ಮುಂದಕ್ಕೋ ಹಿಂದಕ್ಕೋ ಕೈ ಮಾಡಿ ತೋರಿಸಬೇಕಿತ್ತು.
ಒಂದು ಕೈಯಲ್ಲಿ ಉಳಿ, ಒಂದರಲ್ಲಿ ಸುತ್ತಿಗೆ.