ಲೀಟರಿಗೆ ಒಂಬತ್ತು ಗ್ರಾಂ

ಮಂಗಳವಾರ ಸಂಜೆ ಐದಕ್ಕೆ, ಚಿಕ್ಕ ಗಡಿಯಾರದ ಕೆಳಗೆ
ರಟ್ಟು ಹಿಡಿದು ನಿಲ್ಲುತ್ತೇನೆ.
ರಟ್ಟು ಅಂದರೆ ಸಲೈನ್ ಬಾಟಲಿ ಬಂದ ಪೆಟ್ಟಿಗೆಯ ಮುಚ್ಚಳ;
ಹಿಂದುಗಡೆ ಇನ್ನೂ ಇದೆ: ಒಡೆಯುವ ವಸ್ತು, ಜೋಪಾನ.
ಮುಂದುಗಡೆ ನನ್ನ ಕೈಬರಹ:
ನಮ್ಮ ಸೈನ್ಯ ಆ ದ್ವೀಪ ಬಿಟ್ಟು ಬರಲಿ.
ವತ್ತು ತೀರ ಸಣ್ಣದಾಗಿಬಿಟ್ಟಿತು. ದೂರದಿಂದ ನೋಡಿದವರಿಗೆ
ದೀಪ ಬಿಟ್ಟು ಬರಲಿ ಅಂತ ಕಾಣುತ್ತದಂತೆ.
ಹೂ ಕಟ್ಟುವ ಮಾದೇವಿ ಹೇಳಿದಳು.

ಮೊದಲ ವಾರ ಯಾರೂ ಮಾತಾಡಿಸಲಿಲ್ಲ.
ಎರಡನೇ ವಾರ ಪೇದೆ ಬಂದು
ಹೆಸರು, ತಂದೆ ಹೆಸರು, ಯಾವ ವಾರ್ಡು, ಎಲ್ಲ ಬರೆದುಕೊಂಡ.
ಆಮೇಲೆ ಮೆಲ್ಲಗೆ, ಸಿಸ್ಟರ್,
ನಮ್ಮತ್ತೆ ಕಾಲಿನ ಹುಣ್ಣಿಗೆ ಏನು ಹಚ್ಚಬೇಕು, ಅಂದ.
ಮೂರನೇ ವಾರ ನಿವೃತ್ತ ಹವಾಲ್ದಾರ್ ಬೆಳ್ಯಪ್ಪನವರು
ಪದಕ ಹಾಕಿಕೊಂಡೇ ಬಂದು ಎದುರು ನಿಂತರು:
ಯಾರ ಉಪ್ಪು ತಿಂತಾ ಇದ್ದೀಯಮ್ಮ ನೀನು?

ಅಲ್ಲಿ ಉತ್ತರ ಬರಲಿಲ್ಲ.
ಸಿಟಿ ಬಸ್ಸಿನಲ್ಲಿ ಬಂತು, ಅಗ್ರಹಾರ ದಾಟಿದ ಮೇಲೆ,
ಕಂಬಿ ಹಿಡಿದು ಜೋತಾಡುತ್ತಿದ್ದಾಗ.

ಸ್ವಾಮಿ, ಉಪ್ಪಿನ ಲೆಕ್ಕ ನನಗೆ ಗೊತ್ತು.
ಲೀಟರಿಗೆ ಒಂಬತ್ತು ಗ್ರಾಂ.
ರಜೆ ಹಾಕಿ ಕಡಲು ದಾಟಿದ ಐದು ಮಂದಿಯಲ್ಲಿ ನಾನೊಬ್ಬಳು;
ಜಾಫ್ನಾದ ಶಾಲೆಯೊಂದರಲ್ಲಿ ಕರಿಹಲಗೆಯ ಮೊಳೆಗೆ
ಬಾಟಲಿ ನೇತುಹಾಕಿ ಹನಿ ಎಣಿಸಿದವಳು.
ಬಾಟಲಿಯ ಮೇಲೆ ಮುದ್ರೆ: ಸರ್ಕಾರದ ಸರಬರಾಜು, ಮಾರಾಟಕ್ಕಲ್ಲ.
ತವಮಣಿಗೆ ಏಳು ವರ್ಷ. ಅವಳ ತೊಡೆಯಿಂದ
ಚಿಮಟದಲ್ಲಿ ಎಳೆದ ಚೂರಿನ ಮೇಲೂ
ಅರ್ಧ ಅಂಕಿ, ಒಂದೂವರೆ ಅಕ್ಷರ.
ದೀಪಕ್ಕೆ ಹಿಡಿದು ಓದಿದೆ.
ನಮ್ಮದೇ.
ಒಂದೇ ಮನೆಯಿಂದ ಬಂದಿದ್ದೆವು,
ನಾನು, ಬಾಟಲಿ, ಆ ಚೂರು.

ಅವತ್ತೇ ರಾತ್ರಿ ಜೀಪು ನೆಲಬಾಂಬಿನ ಮೇಲೆ ಹರಿದು
ನಾಲ್ವರನ್ನು ಅದೇ ಕೋಣೆಗೆ ಹೊತ್ತು ತಂದರು.
ಸೂಜಿಗೆ ಸಿಗದ ನರಕ್ಕೆ ನಾನು ಕನ್ನಡದಲ್ಲಿ ಬಯ್ಯುತ್ತಿದ್ದೆ.
ಕಣ್ಣು ಬಿಟ್ಟ ಒಬ್ಬ. ಯಾವೂರಕ್ಕಾ?
ಮೈಸೂರು ಅಂದೆ.
ಪಾಂಡವಪುರದ ಪಕ್ಕ ಕ್ಯಾತನಹಳ್ಳಿ ನಮ್ದು, ಬೋರಲಿಂಗ ಅಂತ,
ಕಾರ್ಖಾನೆ ಶುರುವಾಯ್ತಾ ಅಕ್ಕ ಈ ವರ್ಸ?
ಕಬ್ಬರೆಯೋ ವಾಸ್ನೆ ಬತ್ತಾ ಅದಲ್ಲ.
ಹೊರಗೆ ತಾಳೆಮರಗಳು ಉರಿಯುತ್ತಿದ್ದವು.
ಹೂಂ, ಶುರುವಾಯ್ತು, ಅಂದೆ.
ಪಕ್ಕದ ಚಾಪೆಯಲ್ಲಿ ತವಮಣಿಗೆ ಎಚ್ಚರವಿತ್ತು.
ಒಂದೇ ಮೊಳೆ, ಎರಡು ಬಾಟಲಿ;
ಅವಳು ಅವನ ಹನಿಯನ್ನೂ ಎಣಿಸುತ್ತಿದ್ದಳು, ತಮಿಳಿನಲ್ಲಿ,
ನಲವತ್ತಕ್ಕೆ ತಪ್ಪಿ, ಮತ್ತೆ ಒಂದರಿಂದ.
ಬೆಳಿಗ್ಗೆ ಹೆಲಿಕಾಪ್ಟರು ಅವನನ್ನು ಒಯ್ದಿತು.
ಅವಳಿಗೆ ಅದರಲ್ಲಿ ಜಾಗವಿರಲಿಲ್ಲ.

ಇದನ್ನೆಲ್ಲ ಹೇಳಬೇಕೆಂದು ಕಾದೆ,
ಬೆಳ್ಯಪ್ಪನವರು ಮತ್ತೆ ಬರಲಿಲ್ಲ.
ಬಂದವಳು ಸಣ್ಣತಾಯಿ, ಬೋರಲಿಂಗನ ಅಕ್ಕ,
ಸೆರಗಿನ ಗಂಟಿನಲ್ಲಿ ನಾನು ಬರೆದ ಕಾಗದ.
ನಿನ್ ಕಾಗ್ದ ಮೊದ್ಲು ಬಂತು ಕನವ್ವ, ಅಂದಳು,
ಪೆಟ್ಟಿಗೆ ಆಮೇಲ್ ಬಂತು.
ರಟ್ಟಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು.
ದ್ವೀಪವನ್ನು ಸರಿಯಾಗಿಯೇ ಓದಿದಳು.
ಇದ್ರ ಮ್ಯಾಲೆ ನನ್ ತಮ್ಮನ್ ಹೆಸ್ರು ಬರೀಬ್ಯಾಡ.
ಮಿಕ್ಕಿದ್ದು ನಿನ್ನಿಷ್ಟ.
ಸ್ವಲ್ಪ ಹೊತ್ತು ಬಿಟ್ಟು:
ಆ ಮಗ?
ಗೊತ್ತಿಲ್ಲ, ಅಂದೆ.

ಅವಳ ಬಸ್ಸಿಗೆ ಇನ್ನೂ ಹೊತ್ತಿತ್ತು.
ನನ್ನ ಕಾಲ ಬಳಿ ಕಟ್ಟೆಯ ಮೇಲೆ ಕೂತಳು,
ರಟ್ಟಿನ ನೆರಳು ಅವಳ ಮುಖದ ಅರ್ಧಕ್ಕೆ ಬಿತ್ತು.
ಗಾಡಿಯವನು ಸೀಬೆಕಾಯಿ ಸೀಳಿ ಕೇಳಿದ:
ಉಪ್ಪು ಖಾರ ಹಾಕ್ಲಾ?
ಹಾಕು, ಅಂದಳು.
ಎರಡು ಭಾಗ ಮಾಡು.