ರಕ್ತ ಅಂದುಬಿಟ್ಟೆ

ಕಯುಂಗಾದ ಚರ್ಚಿನ ಹಿಂದಿನ ಶೆಡ್ಡಿನಲ್ಲಿ
ಡಾಕ್ಟರ್ ಕ್ಯೋಮುಗಿಶಾ ಇಂಗ್ಲಿಷಿನಲ್ಲಿ ಒಂದು ವಾಕ್ಯ,
ನಾನು ಲುಗಾಂಡದಲ್ಲಿ ಮೂರು.
ದಿನಕ್ಕೆ ನಲವತ್ತು ಸಾವಿರ ಶಿಲ್ಲಿಂಗ್, ಊಟ ಬೇರೆ.

ಸೊರಗು ರೋಗದ ತನಕ ತೊಂದರೆಯಿರಲಿಲ್ಲ.
ಎಲೆ ಹಳದಿಯಾಗುವುದು, ಮೂತಿ ಕರಟುವುದು,
ಹೊರಗೆ ಹಸಿರಿದ್ದ ಕಾಯಿ ಒಳಗೆ ಕೊಳೆತಿರುವುದು,
ದಿಂಡು ಕಡಿದರೆ ಕೀವಿನಂತೆ ಸೋರುವುದು —
ಇದಕ್ಕೆಲ್ಲ ದುಭಾಷಿ ಯಾಕೆ?
ನಾನು ಬಾಯಿ ತೆರೆಯುವ ಮೊದಲೇ ತಲೆಗಳು ತೂಗಿದವು.

ಆಮೇಲೆ ಬಂತು ಆ ಪದ: ಜೀನ್.
ಬೀಜ ಅನ್ನಲೇ? ನಮ್ಮ ಬಾಳೆಗೆ ಬೀಜವಿಲ್ಲ.
ಗುಣ ಅನ್ನಲೇ? ಗುಣವನ್ನು
ಯಾರು ಚಿಮುಟದಲ್ಲಿ ಎತ್ತುತ್ತಾರೆ?
ಮೂವತ್ತು ಜೋಡಿ ಕಣ್ಣು ನನ್ನ ತುಟಿಯ ಮೇಲೆ.
ರಕ್ತ ಅಂದುಬಿಟ್ಟೆ.
"ದೊಣ್ಣೆಮೆಣಸಿನಕಾಯಿಯ ರಕ್ತ ಒಂದು ತೊಟ್ಟು
ಬಾಳೆಗೆ ಹಾಕಿದ್ದಾರೆ, ಸೊರಗದಿರಲೆಂದು."
ಡಾಕ್ಟರು ನನ್ನತ್ತ ನೋಡಿ ಮುಗುಳ್ನಕ್ಕರು.
ಅವರ ಊರು ಪಡುವಣಕ್ಕೆ; ಎಷ್ಟು ತಿಳಿಯಿತೋ.

ಚಾಪೆಯ ಕೊನೆಯಿಂದ ಮುದುಕಿ ನಕಿಗುಡ್ಡೆ ಎದ್ದಳು.
"ನನ್ನ ಐದು ಹೆರಿಗೆಯ ಮಾಸು ಹೂತದ್ದು ಬಾಳೆಯ ಬುಡದಲ್ಲಿ.
ನಮ್ಮ ರಕ್ತ ಅಲ್ಲಿ ಮೊದಲೇ ಇದೆ.
ಹೊಸದು ಯಾರದ್ದು, ಕೇಳು."
ಕೇಳಿದೆ. ಡಾಕ್ಟರು ಪರದೆಯ ಮೇಲೆ
ನೀಲಿ ಕಂಬವೊಂದನ್ನು ತೋರಿಸಿದರು,
ಪಕ್ಕದಲ್ಲಿ ಅದಕ್ಕಿಂತ ಎತ್ತರದ ಇನ್ನೊಂದು.

"ಈಕೆ ತಿಂದಿದ್ದಾಳಾ, ಕೇಳು."
ಡಾಕ್ಟರು ನೀರು ಕುಡಿದರು.
"ಇಲ್ಲ. ಕಾನೂನು ಇನ್ನೂ ಬಿಟ್ಟಿಲ್ಲ.
ಗೊನೆಗಳನ್ನೆಲ್ಲ ತೂಗಿ, ಬರೆದುಕೊಂಡು,
ಗುಂಡಿ ತೋಡಿ ಹೂಳುತ್ತೇವೆ."

ಶೆಡ್ಡಿಗೆ ಶೆಡ್ಡೇ ನಕ್ಕಿತು. ನಾನೂ ನಕ್ಕೆ,
ಅದು ನನ್ನ ಕೆಲಸವಲ್ಲ.
ನಗದವಳು ನಕಿಗುಡ್ಡೆ ಒಬ್ಬಳೇ:
"ಬಲಿತ ಗೊನೆಯನ್ನೇ?
ಮಣ್ಣು ಎಳೆಯುವಾಗ ಏನನ್ನಿಸುತ್ತದೆ?"

ಸಣ್ಣ ವಾಕ್ಯ. ಇಂಗ್ಲಿಷಿಗೆ ಸಲೀಸಾಗಿ ದಾಟಿತು.
ಡಾಕ್ಟರು ಕನ್ನಡಕ ತೆಗೆದರು, ಒರೆಸಿದರು,
ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ನಿಂತರು.
ನಾನು ಕಾದೆ, ಅನುವಾದಿಸಲು ಏನೂ ಬರಲಿಲ್ಲ.
ಮುದುಕಿ ಕುಳಿತಳು.
ಯಾರೋ ಚಹಾ ತಂದರು.

ಸಂಜೆ ಬಾಡಿಗೆ ಬೈಕು, ಎಂಟು ಕಿಲೋಮೀಟರು ಕೆಂಪು ಧೂಳು.
ಹಿಂದೆ ತಿರುಗದೆ ಸವಾರ ಕೂಗಿದ:
"ಅಕ್ಕಾ, ಮನುಷ್ಯರ ರಕ್ತ ಹಾಕಿ
ಬಾಳೆ ಬೆಳೆಸುತ್ತಾರಂತೆ, ನಿಜವೇ?"
ನನ್ನದೇ ಪದ. ನನಗಿಂತ ಮುಂಚೆ ಊರು ಮುಟ್ಟಿ
ದಾರಿಯಲ್ಲೇ ಮೈ ಬೆಳೆಸಿಕೊಂಡಿತ್ತು.
"ಮನುಷ್ಯರದ್ದಲ್ಲ," ಅವನ ಕಿವಿಯ ಹತ್ತಿರ ಕೂಗಿದೆ,
"ದೊಣ್ಣೆಮೆಣಸಿನಕಾಯಿಯದ್ದು!"

ಬೈಕು ನಿಧಾನವಾಯಿತು.
"ಮೆಣಸಿನಕಾಯಿಗೆ ರಕ್ತ ಎಲ್ಲಿಂದ ಬಂತು, ಅಕ್ಕಾ?"